ಉದ್ಘಾಟನೆಯ ರೋಗಿ

ನನ್ನ ಹೆಂಡತಿಯ ಎರಡೂ ಕಿಡ್ನಿ ಕೆಟ್ಟಿರುವ ಸುದ್ದಿ ನನಗೆ ಗೊತ್ತಾದದ್ದು ಲಿಫ್ಟಿನಲ್ಲಿ.

ಯಾರೂ ನನಗೆಂದು ಹೇಳಲಿಲ್ಲ. ಇಬ್ಬರು ಡಾಕ್ಟರು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ನಾನು ಆ ದೊಡ್ಡಾಸ್ಪತ್ರೆಯ ಲಿಫ್ಟ್ ಓಡಿಸುವವನು. ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದೆ. ಆಯಾಗಳಿಗೆ, ವಾರ್ಡುಬಾಯ್‌ಗಳಿಗೆ ನಾನು ಲಿಫ್ಟಣ್ಣ. ಡಾಕ್ಟರುಗಳಿಗೆ ಮಾತ್ರ ಗುಂಡಿಗಳ ಸಾಲಿನಲ್ಲಿ ನಾನೂ ಒಂದು ಗುಂಡಿ. ಗುಂಡಿಯ ಮುಂದೆ ಯಾರು ಗುಟ್ಟು ಕಾಪಾಡುತ್ತಾರೆ? ಯಾರ ಮದುವೆ ಮುರಿಯುತ್ತಿದೆ, ಯಾರ ಹೊಟ್ಟೆಯೊಳಗೆ ಹತ್ತಿ ಬಿಟ್ಟು ಹೊಲಿದಿದ್ದಾರೆ, ಎಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

"ಆ ಲಾಂಡ್ರಿ ಹೆಂಗಸಿನ ರಿಪೋರ್ಟ್ ನೋಡಿದ್ರಾ?" ಅಂದ ಒಬ್ಬ. "ಕಿಡ್ನಿ ಎರಡೂ ಹೋಗಿವೆ. ಬೇರೆಯವರಾಗಿದ್ರೆ ಇಷ್ಟರಲ್ಲಿ ಹಾಸಿಗೆ ಹಿಡೀತಿದ್ರು. ಇವಳು ಒದ್ದೆ ಚಾದರ ಎತ್ತುತಾ ಇದ್ದಾಳೆ."

"ಯಾರು, ಆ ಉದ್ದಕ್ಕಿದ್ದಾಳಲ್ಲ, ಅವಳಾ?"

"ಅವಳೇ. ಈ ಜನದ ಮೈ ಇದೆಯಲ್ಲ, ಗಟ್ಟಿ ಮಾಲು ಮಾರಾಯ."

ಇಬ್ಬರೂ ನಕ್ಕರು. ಕೆಟ್ಟ ನಗೆಯಲ್ಲ, ಮೆಚ್ಚುಗೆಯ ನಗೆ. ಮೂರನೇ ಮಹಡಿ ಬಂತು. ಬಾಗಿಲು ತೆಗೆದೆ. ಇಳಿಯುವಾಗ ಒಬ್ಬ ನನಗೆ ಥ್ಯಾಂಕ್ಸ್ ಕೂಡ ಹೇಳಿದ.

ಉದ್ದಕ್ಕಿದ್ದವಳು ನನ್ನ ಹೆಂಡತಿ. ನನಗಿಂತ ಒಂದು ಗೇಣು ಎತ್ತರ. ನೆಲಮಾಳಿಗೆಯ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಉದ್ದಕ್ಕ ಅನ್ನುತ್ತಿದ್ದರು. ಇಡೀ ಆಸ್ಪತ್ರೆಯ ಹೊಲಸು ಬಟ್ಟೆ ಅಲ್ಲಿಗೆ ಇಳಿಯುತ್ತದೆ. ಆಪರೇಷನ್ನಿನ ರಕ್ತ, ಹೆರಿಗೆಯ ನೀರು, ಸತ್ತವರ ಕೊನೆಯ ಮಲಮೂತ್ರ. ರಕ್ತದ ಬಟ್ಟೆಯನ್ನು ನೇರವಾಗಿ ಬಿಸಿನೀರಿಗೆ ಹಾಕುವಂತಿಲ್ಲ, ಕಲೆ ಕೂತುಬಿಡುತ್ತದೆ. ಮೊದಲು ತಣ್ಣೀರಿನಲ್ಲಿ ಕೈಯಿಂದ ಉಜ್ಜಬೇಕು. ಆಮೇಲೆ ಮಷಿನ್ನು. ಮಷಿನ್ನಿನಿಂದ ಹೊರಗೆ ಬರುವ ಚಾದರಗಳು ಒಂದಕ್ಕೊಂದು ಹೆಣೆದುಕೊಂಡು ಹೆಣದ ಭಾರ ಇರುತ್ತವೆ. ಅವನ್ನು ಎದೆಗವಚಿ ಎಳೆದು, ಬಿಡಿಸಿ, ಗಾಡಿಗೆ ಎತ್ತಿ ಹಾಕಬೇಕು. ಉದ್ದಕ್ಕನ ಕೈಯಲ್ಲಿ ಆದಷ್ಟು ಬೇಗ ಬೇರೆ ಯಾರ ಕೈಯಲ್ಲೂ ಆಗುತ್ತಿರಲಿಲ್ಲ.

ಕೆಲವು ತಿಂಗಳಿಂದ ಅವಳ ಪಾದ ಊದಿಕೊಂಡಿತ್ತು. ಚಪ್ಪಲಿಯ ಪಟ್ಟಿ ಕತ್ತರಿಸಿ ಹಾಕಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದರೆ ವಾಂತಿ. ಏನು ತಿಂದರೂ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಮೈಯೆಲ್ಲ ನವೆ. ಲಾಂಡ್ರಿಯ ಮೇಸ್ತ್ರಿ ಅದಕ್ಕೆ ಹೆಸರಿಟ್ಟಿದ್ದ: ಸೋಪಿನ ಅಲರ್ಜಿ. ವಾಂತಿಗೂ ಅವನ ಹತ್ತಿರ ಹೆಸರಿತ್ತು: ಕೆಲಸಗಳ್ಳತನ.

ಅಷ್ಟರಲ್ಲಿ ಆಸ್ಪತ್ರೆಯವರು ಆರೋಗ್ಯ ದಿನ ಆಚರಿಸಿದರು. ಕೆಲಸದವರಿಗೆಲ್ಲ ಕಾಗದದ ಟೋಪಿ ಕೊಟ್ಟರು, ಬಲೂನು ಕೊಟ್ಟರು, ಒಂದು ಸೀಸೆ ರಕ್ತ ತೆಗೆದುಕೊಂಡರು. ಟೋಪಿ ನಮ್ಮ ಮನೆಗೆ ಬಂತು. ರಿಪೋರ್ಟು ಡಾಕ್ಟರ ಟೇಬಲ್ಲಿಗೆ ಹೋಯಿತು. ಅಲ್ಲಿಂದ ಲಿಫ್ಟಿಗೆ ಬಂತು.

ಮಧ್ಯಾಹ್ನ ಕೆಳಗೆ ಹೋಗಿ ಅವಳಿಗೆ ಹೇಳಿದೆ. ಮೊಣಕೈವರೆಗೆ ಕೆಂಪು ನೀರಿನಲ್ಲಿ ಕೈ ಅದ್ದಿಕೊಂಡಿದ್ದಳು.

"ಎರಡೂನಾ?" ಅಂದಳು.

"ಎರಡೂ."

"ಒಂದನ್ನಾದ್ರೂ ಬಿಡಬಾರದಿತ್ತಾ," ಅಂತ ಹೇಳಿ ಚಾದರ ಹಿಂಡಿದಳು.

ಕಿಡ್ನಿ ಡಾಕ್ಟರು ನಿಂತು ಮಾತಾಡಿದ್ದನ್ನು ಆ ಆಸ್ಪತ್ರೆಯಲ್ಲಿ ಯಾರೂ ನೋಡಿರಲಿಲ್ಲ. ನಡೆಯುತ್ತಲೇ ಇರುತ್ತಿದ್ದರು. ರೋಗಿಗಳು ಹಿಂದೆ ಓಡುತ್ತ ಕಾಯಿಲೆ ಹೇಳಬೇಕು, ಅವರು ಮುಂದೆ ಓಡುತ್ತ ಔಷಧಿ ಹೇಳಬೇಕು. ಅವರು ನಿಲ್ಲಲೇಬೇಕಾದ ಜಾಗ ಅಂದರೆ ಲಿಫ್ಟ್ ಒಂದೇ. ಅಲ್ಲಿ ಹಿಡಿದೆ.

"ಡಾಕ್ಟ್ರೇ, ಕಿಡ್ನಿ ಎರಡೂ ಹೋಗಿರೋ ಆ ಲಾಂಡ್ರಿಯವಳು ನನ್ನ ಹೆಂಡತಿ."

ಗುಂಡಿ ಮಾತಾಡಿದಂತೆ ಬೆಚ್ಚಿ ನನ್ನ ಕಡೆ ತಿರುಗಿದರು. ಪಾಪ, ಒಳ್ಳೆಯ ಮನುಷ್ಯನೇ. ಹೇಳಿದರು. ಹೋದ ಕಿಡ್ನಿ ವಾಪಸು ಬರುವುದಿಲ್ಲ. ಇನ್ನು ಮೇಲೆ ಮಷಿನ್ನಿಗೆ ರಕ್ತ ಬಿಟ್ಟು ಶುದ್ಧ ಮಾಡಿ ಮೈಗೆ ತುಂಬಬೇಕು. ವಾರಕ್ಕೆ ಮೂರು ಸಲ. ಬದುಕಿರುವವರೆಗೆ. ತಕ್ಷಣ ಅಲ್ಲ, ಆದರೆ ತಯಾರಿ ಈಗಲೇ ಶುರುವಾಗಬೇಕು.

ಉದ್ದಕ್ಕನಿಗೆ ಹೇಳಿದಾಗ ಅವಳು, "ಅಂದ್ರೆ ನನ್ನ ರಕ್ತಾನೂ ಲಾಂಡ್ರಿಗೆ ಹಾಕ್ತಾರೆ ಅನ್ನು," ಅಂದಳು.

ತಯಾರಿಗೆಂದು ಒಂದು ಕ್ಲಾಸು ಇತ್ತು. ರೋಗಿ ಮತ್ತು ಮನೆಯವರು ಕಡ್ಡಾಯವಾಗಿ ಬರಬೇಕು. ತಣ್ಣಗಿನ ಕೋಣೆ, ಮೆತ್ತಗಿನ ಕುರ್ಚಿ. ಪಾಠ ಮಾಡುವ ಹೆಂಗಸಿಗೆ ಆಸ್ಪತ್ರೆಯೆಲ್ಲ ನಗುಮುಖದ ಮೇಡಂ ಅನ್ನುತ್ತಿತ್ತು. ಯಾವ ಸುದ್ದಿ ಹೇಳಿದರೂ ಅವರ ಮುಖ ಬಾಡುತ್ತಿರಲಿಲ್ಲ. ಪರದೆಯ ಮೇಲೆ ಒಂದು ಚಿತ್ರ ಬಿತ್ತು. ಸಮುದ್ರದ ದಂಡೆಯಲ್ಲಿ ಬಿಳಿ ಕೂದಲಿನ ಒಬ್ಬ ಮನುಷ್ಯ ಸೈಕಲ್ ತುಳಿಯುತ್ತಿದ್ದಾನೆ. ಹಿಂದೆ ಹೆಂಡತಿ ನಗುತ್ತ ಕೂತಿದ್ದಾಳೆ. ಕೆಳಗೆ 'ನಿಮ್ಮ ಹೊಸ ಬದುಕಿಗೆ ಸ್ವಾಗತ' ಎಂದು ಬರೆದಿತ್ತು.

"ಇವನಿಗೂ ಹೋಗಿದೆಯಾ?" ಉದ್ದಕ್ಕ ನನ್ನ ಕಿವಿಯಲ್ಲಿ ಕೇಳಿದಳು.

"ಸೈಕಲ್ ಹೊಸದು. ಕಿಡ್ನಿ ಗೊತ್ತಿಲ್ಲ," ಅಂದೆ.

ಮೇಡಂ ಶುರು ಮಾಡಿದರು. "ನಿಮ್ಮ ಮುಂದೆ ನಾಲ್ಕು ದಾರಿ ಇದೆ. ಒಂದು, ಬೇರೆಯವರ ಕಿಡ್ನಿ ಹಾಕಿಸ್ಕೊಳ್ಳೋದು. ಎರಡು, ಹೊಟ್ಟೆಗೊಂದು ನಳಿಗೆ ಇಟ್ಕೊಂಡು ಮನೇಲೇ ದಿನಾ ದ್ರವ ತುಂಬಿಸಿ ತೆಗೆಯೋದು. ಮೂರು, ಆಸ್ಪತ್ರೆ ಮಷಿನ್. ನಾಲ್ಕು," ಅಂತ ದನಿ ತಗ್ಗಿಸಿದರು, "ಏನೂ ಮಾಡದೆ ನೆಮ್ಮದಿಯಾಗಿ ಇರೋದು. ಒತ್ತಾಯ ಏನಿಲ್ಲ. ಆಯ್ಕೆ ನಿಮ್ಮದು."

"ನೆಮ್ಮದಿ ಅಂದ್ರೆ ಸಾಯೋದಾ ಮೇಡಂ?" ಉದ್ದಕ್ಕ ಕೇಳಿದಳು.

"ನಾವು ಆ ಪದ ಬಳಸಲ್ಲಮ್ಮ."

ಮೊದಲ ದಾರಿಗೆ ನಾನು ಅಲ್ಲೇ ಎದ್ದು ನಿಂತೆ. ನನ್ನದು ಕೊಡ್ತೀನಿ ಅಂದೆ. ಪರೀಕ್ಷೆ ಮಾಡಿದರು. ನನಗೆ ಸಕ್ಕರೆ ಕಾಯಿಲೆ ಇರುವುದು ಅವತ್ತು ಗೊತ್ತಾಯಿತು. ಕಿಡ್ನಿ ಕೊಡಲು ಹೋದವನು ಕಾಯಿಲೆ ತಂದುಕೊಂಡು ಬಂದೆ.

ಎರಡನೇ ದಾರಿಗೆ ಮೇಡಂ ಕೇಳಿದರು, "ಮನೇಲಿ ಒಂದು ಪ್ರತ್ಯೇಕ ಕೋಣೆ ಬೇಕು. ಕಿಟಕಿ ಬಾಗಿಲು ಮುಚ್ಚೋ ಹಾಗಿರಬೇಕು. ಧೂಳು ಇರಬಾರದು. ಕೈ ತೊಳೆಯೋಕೆ ಒಳಗೇ ನಲ್ಲಿ ಇರಬೇಕು. ಇದೆಯಾ?"

"ನಮ್ಮ ಮನೇನೇ ಒಂದು ಕೋಣೆ," ಅಂದಳು ಉದ್ದಕ್ಕ. "ಅದರಲ್ಲಿ ನಾವಿಬ್ಬರು, ನಮ್ಮಮ್ಮ ಒಬ್ಬಳು. ಯಾರನ್ನ ಯಾರಿಂದ ಪ್ರತ್ಯೇಕ ಮಾಡಲಿ ಹೇಳಿ. ನಲ್ಲಿ ಬೀದೀಲಿದೆ. ಬೀದೀನ ಒಳಗೆ ತರೋಕೆ ಆಗುತ್ತಾ ನೋಡ್ತೀನಿ."

ಆಮೇಲೆ ಪಥ್ಯ. ಬಾಳೆಹಣ್ಣು ಬೇಡ. ಕಿತ್ತಳೆ ಬೇಡ. ಗೋಡಂಬಿ, ಬಾದಾಮಿ, ದ್ರಾಕ್ಷಿ ಬೇಡವೇ ಬೇಡ.

"ಇದನ್ನ ನಾವು ಹುಟ್ಟಿದಾಗಿಂದ ಪಾಲಿಸ್ಕೊಂಡು ಬಂದಿದೀವಿ," ಅಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಡಂ ಕೂಡ ನಕ್ಕರು. ಅವರು ಹೇಗಿದ್ದರೂ ನಗುತ್ತಿದ್ದರು.

ಉಳಿದದ್ದು ಮೂರನೇ ದಾರಿ. ಅದಕ್ಕಾಗಿ ಅವಳ ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದರು. ಗಾಯ ಮಾಗಿದ ಮೇಲೆ ಅಲ್ಲಿ ಚರ್ಮದ ಕೆಳಗೆ ಸದಾ ಜುಯ್ ಎಂದು ಅದುರುತ್ತಿತ್ತು. ನನ್ನ ಅತ್ತೆಗೆ ಕಿವಿ ಮಂದ. ಆದರೂ ಮಗಳ ಕೈಯ ಮೇಲೆ ಅಂಗೈ ಇಟ್ಟು, "ಬೆಕ್ಕಿನ ಮರಿ ಗುರುಗುಟ್ಟಿದ ಹಾಗಿದೆ ಕಣೇ," ಅನ್ನುತ್ತಿದ್ದಳು. ಆ ಕೈಯಲ್ಲಿ ಭಾರ ಎತ್ತಬಾರದು, ಆ ಕೈ ಮಡಿಚಿ ಮಲಗಬಾರದು, ಅದೇ ನಿನ್ನ ಪ್ರಾಣ ಎಂದು ಡಾಕ್ಟರು ಹೇಳಿದ್ದರು.

ಉದ್ದಕ್ಕ ಮೇಸ್ತ್ರಿಗೆ ಹೇಳಿದಳು. ಅವನು ತಲೆ ಕೆರೆದುಕೊಂಡ.

"ಒಂದು ಕೈ ರಜೆ, ಇನ್ನೊಂದು ಕೈ ಡ್ಯೂಟಿ. ಇಂಥ ಹಾಜರಿ ನಾನೆಲ್ಲಿ ಹಾಕಲಿ? ಇಡೀ ಬಾ, ಇಲ್ಲ ಇಡೀ ಹೋಗು."

ಅವಳು ಇಡಿಯಾಗಿ ಕೆಲಸಕ್ಕೆ ಬಂದಳು. ಬಲಗೈಯಲ್ಲಿ ಚಾದರದ ತುದಿ ಹಿಡಿದು, ಇನ್ನೊಂದು ತುದಿ ಹಲ್ಲಿನಲ್ಲಿ ಕಚ್ಚಿ ಬಿಡಿಸುತ್ತಿದ್ದಳು. ಯಾವ ರೋಗಿಯ ಚಾದರವೋ ಏನೋ. ಜೊತೆಯ ಹೆಂಗಸರು ಅವಳ ಪಾಲಿನ ಭಾರ ಕದ್ದು ತಾವು ಎತ್ತುತ್ತಿದ್ದರು. ಮೇಸ್ತ್ರಿ ಬಂದರೆ ಅವಳನ್ನು ಬೈಯುವವರಂತೆ ನಟಿಸುತ್ತಿದ್ದರು.

ಕೈ ತಯಾರಾಯಿತು. ಮಷಿನ್ನು ಸಿಗಲಿಲ್ಲ. ಎರಡನೇ ಮಹಡಿಯ ಹಳೆಯ ಮಷಿನ್ನುಗಳ ಮುಂದೆ ಸಾಲು ಇತ್ತು. ನೌಕರರಿಗೆ ಮೊದಲು ಎಂದು ನಿಯಮ ಇತ್ತು. ಆದರೆ ನಾವು ನೌಕರರಲ್ಲ, ಗುತ್ತಿಗೆಯವರು. ಗುತ್ತಿಗೆದಾರನ ಆಫೀಸಿಗೆ ಹೋದೆವು. ಅವನು ಕೂರಿಸಿ ಮಾತಾಡಿಸಿದ.

"ಕೆಲಸದ ಜಾಗದಲ್ಲಿ ಅಪಘಾತ ಆದ್ರೆ ಮಾತ್ರ ನಾವು ಜವಾಬ್ದಾರಿ. ಇದು ತಾನಾಗೇ ಕೆಟ್ಟಿರೋದು."

"ಅಂದ್ರೆ ಕಿಡ್ನಿ ವಾಷಿಂಗ್ ಮಷಿನ್ನಿಗೆ ಸಿಕ್ಕಿ ಹಾಳಾಗಿದ್ರೆ ಆಗ್ತಿತ್ತಾ?" ಅಂದಳು.

ಅವನು ನಿಜವಾಗಿಯೂ ಯೋಚಿಸಿದ. "ಸಾಕ್ಷಿ ಇದ್ದಿದ್ರೆ ಆಗ್ತಿತ್ತು," ಅಂದ.

ಅದೇ ಹೊತ್ತಿಗೆ ನಾಲ್ಕನೇ ಮಹಡಿಯಲ್ಲಿ ಹೊಸ ಡಯಾಲಿಸಿಸ್ ವಿಭಾಗ ತಯಾರಾಗುತ್ತಿತ್ತು. ಬಿಳಿ ಮಷಿನ್ನುಗಳು ನನ್ನ ಲಿಫ್ಟಿನಲ್ಲೇ ಮೇಲೆ ಹೋದವು. ಒಂದೊಂದು ಹೋಗುವಾಗಲೂ ಅದರ ಮೈ ಮುಟ್ಟಿ ನೋಡುತ್ತಿದ್ದೆ. ಒಂದು ದಿನ ಆಸ್ಪತ್ರೆಯ ನಿರ್ದೇಶಕರು ಲಾಂಡ್ರಿಗೆ ಇಳಿದು ಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಎಲ್ಲಿದೆ ಎಂದು ದಾರಿ ಕೇಳಿದ್ದರು. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಉದ್ದಕ್ಕನ ಎದುರು ನಿಂತರು.

"ಅಮ್ಮಾ, ನೀವೆಲ್ಲ ನಮ್ಮ ಕುಟುಂಬ ಇದ್ದ ಹಾಗೆ. ಹೊಸ ವಿಭಾಗದ ಮೊದಲ ರೋಗಿ ನೀವೇ ಆಗಬೇಕು ಅಂತ ನನ್ನ ಆಸೆ. ಮಂತ್ರಿಗಳು ಬಂದು ಉದ್ಘಾಟನೆ ಮಾಡ್ತಾರೆ. ಅವತ್ತೇ ನಿಮ್ಮ ಡಯಾಲಿಸಿಸ್ ಶುರು."

ಲಾಂಡ್ರಿಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ತಟ್ಟಿದ. ಅವಳ ಫೋಟೋ ತೆಗೆದು ಹೆಬ್ಬಾಗಿಲಲ್ಲಿ ದೊಡ್ಡದಾಗಿ ಹಾಕಿದರು. ಆ ಬಾಗಿಲಿಂದ ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ, ನಮ್ಮದು ಹಿಂಬಾಗಿಲು. ಹಾಗಾಗಿ ತನ್ನ ಫೋಟೋ ನೋಡಲು ಅವಳು ರಸ್ತೆಯ ಆಚೆ ಬದಿಗೆ ಹೋಗಿ ನಿಲ್ಲಬೇಕಾಯಿತು.

"ಮುಖ ಊದಿರೋದು ಫೋಟೋದಲ್ಲಿ ಚೆನ್ನಾಗೇ ಕಾಣುತ್ತೆ," ಅಂದಳು. "ತಿಂದುಂಡು ಸುಖವಾಗಿರೋಳ ಹಾಗಿದೀನಿ."

ಹೇಳಿದ ವಾರ ಮಂತ್ರಿಗಳು ಬರಲಿಲ್ಲ. ಬೇರೆ ಕಾರ್ಯಕ್ರಮ ಇತ್ತಂತೆ. ಮುಂದಿನ ವಾರ ಎಂದರು. ಆ ವಾರ ಉದ್ದಕ್ಕನಿಗೆ ಮೂತ್ರ ನಿಂತುಹೋಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ನಾನು ಡಾಕ್ಟರನ್ನು ಲಿಫ್ಟಿನಲ್ಲಿ ಹಿಡಿದೆ. ಅವರು ಬಂದು ಅವಳ ಬೆನ್ನಿಗೆ ಕೊಳವೆ ಇಟ್ಟು ಕೇಳಿದರು. ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ, ಇವತ್ತೇ ಶುರು ಮಾಡಬೇಕು ಎಂದು ಹೇಳಿ ನಿರ್ದೇಶಕರ ಕೋಣೆಗೆ ಹೋದರು. ಹೊರಗೆ ಬಂದವರು ನನ್ನ ಮುಖ ನೋಡಲಿಲ್ಲ.

"ಎರಡು ದಿನ ತಡೀರಿ. ನೀರು ಇಳಿಯೋಕೆ ಮಾತ್ರೆ ಕೊಡ್ತೀನಿ."

"ಯಾಕೆ ಡಾಕ್ಟ್ರೇ?"

"ಮೊದಲೇ ಶುರು ಮಾಡಿಬಿಟ್ರೆ ಆಕೆ ಮೊದಲ ರೋಗಿ ಆಗಲ್ಲವಂತೆ. ಪೋಸ್ಟರ್ ಎಲ್ಲ ಆಗಿಹೋಗಿದೆ."

"ಮಂತ್ರಿಗಳು ಯಾಕೆ ಬರ್ತಿಲ್ಲ?"

"ನೆಗಡಿಯಂತೆ."

ಅವರ ಮೂಗಿನಲ್ಲಿ ನೀರು. ಇವಳ ಶ್ವಾಸಕೋಶದಲ್ಲಿ ನೀರು. ತಾರೀಖು ನಿಶ್ಚಯ ಮಾಡಿದ್ದು ಮೂಗು.

ಕೊನೆಗೂ ನೆಗಡಿ ವಾಸಿಯಾಯಿತು. ಅವತ್ತು ಬೆಳಿಗ್ಗೆ ಉದ್ದಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನಾನೇ ಮೇಲೆ ಕರೆದೊಯ್ದೆ. ಹೊಸ ಬಣ್ಣದ ವಾಸನೆ. ಬಾಗಿಲಿಗೆ ಅಡ್ಡ ಕೆಂಪು ರಿಬ್ಬನ್ನು. ಅದರ ಕೆಳಗೆ ಅವಳನ್ನು ಬಗ್ಗಿಸಿ ಒಳಗೆ ಸಾಗಿಸಿದೆವು. ಮಂತ್ರಿಗಳಿಗಿಂತ ಮೊದಲು ರೋಗಿ ಅದನ್ನು ಕತ್ತರಿಸುವಂತಿರಲಿಲ್ಲ. ನಗುಮುಖದ ಮೇಡಂ ಒಂದು ಬಣ್ಣದ ಕಡ್ಡಿ ಹಿಡಿದು ಬಂದು ಅವಳ ತುಟಿಗೆ ಹಚ್ಚಿದರು.

"ಮುಖ ಬೂದಿ ಬೂದಿಯಾಗಿದೆಯಮ್ಮ. ಕ್ಯಾಮೆರಾಗೆ ರೋಗಿಷ್ಟರ ಹಾಗೆ ಕಾಣಬಾರದು. ಮಂತ್ರಿಗಳು ಹೇಗಿದೆ ಅಂತ ಕೇಳ್ತಾರೆ. ಹೊಸ ಜೀವ ಬಂದ ಹಾಗಿದೆ ಅನ್ನಿ. ಎಲ್ಲಿ, ಒಂದು ಸಲ ಹೇಳಿ."

"ಹೊಸ... ಜೀವ..." ಅಂದಳು. ಮುಂದಕ್ಕೆ ಉಸಿರು ಸಾಲಲಿಲ್ಲ.

"ಪರವಾಗಿಲ್ಲ, ಅಷ್ಟೇ ಸಾಕು."

ಟೆಕ್ನಿಷಿಯನ್ ಬಂದ. ಮಷಿನ್ನಿನ ದೀಪ ಹೊತ್ತಿಸಿದ. ಸೂಜಿಯನ್ನು ಅವಳ ಎಡಗೈಯ ಮೇಲಿಟ್ಟು ಪ್ಲಾಸ್ಟರು ಅಂಟಿಸಿದ. ಚುಚ್ಚಲಿಲ್ಲ. ನಳಿಗೆಯೊಳಗೆ ಆಗಲೇ ಕೆಂಪಗೆ ತುಂಬಿತ್ತು. ಉದ್ದಕ್ಕ ತನ್ನ ಕೈ ನೋಡಿದಳು, ನಳಿಗೆ ನೋಡಿದಳು, ಅವನನ್ನು ನೋಡಿದಳು.

"ಇದ್ಯಾರ ರಕ್ತ?"

ಅವನು ಆಚೀಚೆ ನೋಡಿ ಪಿಸುಗುಟ್ಟಿದ. "ಬಣ್ಣದ ನೀರಕ್ಕ. ಮಷಿನ್ನಿಗೆ ಬೇಕಾದ ಶುದ್ಧ ನೀರಿನ ಘಟಕ ಇನ್ನೂ ಬಂದಿಲ್ಲ. ಬಾಯಿ ಬಿಡಬೇಡಿ, ನನ್ನ ಹೊಟ್ಟೆಪಾಡು."

ಪತ್ರಿಕೆಯ ಫೋಟೋದವನು ಒಂದು ತಕರಾರು ತೆಗೆದ. ಉದ್ದಕ್ಕ ಎದ್ದು ಕೂತರೆ ಮಷಿನ್ನಿನ ಮೇಲಿದ್ದ ದಾನಿಗಳ ಹೆಸರಿನ ಫಲಕ ಮರೆಯಾಗುತ್ತಿತ್ತು. ತಲೆದಿಂಬು ತೆಗೆದು ಅವಳನ್ನು ಚಪ್ಪಟೆ ಮಲಗಿಸಿದರು. ಅವಳ ಕಣ್ಣು ಮೇಲಾದವು. ನೀರಿನಲ್ಲಿ ಮುಳುಗುವವಳಂತೆ ಎದೆ ಎಗರುತ್ತಿತ್ತು.

"ಎದೆ ಅಲ್ಲಾಡಿದ್ರೆ ಫೋಟೋ ಮಸುಕಾಗುತ್ತೆ," ಅಂದ ಅವನು. "ಸ್ವಲ್ಪ ಹೊತ್ತು ಉಸಿರು ಹಿಡ್ಕೊಳ್ಳಿಮ್ಮ."

ನಾನು ಅವನ ಕಡೆ ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಕೂಗು ಬಂತು, ಲಿಫ್ಟ್ ಕೆಳಗೆ ಬೇಕು, ಮಂತ್ರಿಗಳು ಬಂದರು. ಹೋದೆ. ಹೋದೆನಲ್ಲ ಎಂದು ಕೈ ಕಚ್ಚಿಕೊಳ್ಳುತ್ತ ಹೋದೆ. ಮಂತ್ರಿಗಳು ದಪ್ಪ ಮನುಷ್ಯ, ಮಂಡಿನೋವು, ಒಬ್ಬರ ಹೆಗಲ ಮೇಲೆ ಕೈ ಇಟ್ಟು ನಡೆಯುತ್ತಿದ್ದರು. ಲಿಫ್ಟಿನಲ್ಲಿ ನನ್ನನ್ನು, "ಎಷ್ಟು ವರ್ಷದಿಂದ ಕೆಲಸ ಮಾಡ್ತಿದೀಯಪ್ಪ?" ಎಂದು ಕೇಳಿ, ಉತ್ತರಕ್ಕೆ ಮುಂಚೆ ಫೋನಿನಲ್ಲಿ ಮಾತಾಡತೊಡಗಿದರು.

ರಿಬ್ಬನ್ನು ಕತ್ತರಿಸಿದರು. ಚಪ್ಪಾಳೆಯಾಯಿತು. ಹೂಗುಚ್ಛ ಕೈ ಬದಲಾಯಿಸಿತು. ಮಂತ್ರಿಗಳು ಹಾಸಿಗೆಯ ಹತ್ತಿರ ಬಂದು ಕ್ಯಾಮೆರಾದ ಕಡೆ ಮುಖ ಮಾಡಿ ಉದ್ದಕ್ಕನನ್ನು ಕೇಳಿದರು.

"ಈಗ ಹೇಗಿದೆ ತಾಯಿ?"

ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ಬಲಗೈಯಿಂದ ಹಾಸಿಗೆಯ ಕಂಬಿ ಹಿಡಿದು ಎದ್ದು ಕೂತಳು. ಫಲಕ ಮರೆಯಾಯಿತು.

"ಇನ್ನೂ... ಶುರುವಾಗಿಲ್ಲ... ಸ್ವಾಮಿ."

"ಭಯ ಸರ್," ಅಂದರು ನಿರ್ದೇಶಕರು. "ಮೊದಲ ಸಲ ಅಲ್ವಾ."

"ಮಷಿನ್ ಓಡ್ತಿದೆಯಲ್ಲ ತಾಯಿ. ರಕ್ತ ಹರೀತಿದೆ," ಅಂದರು ಮಂತ್ರಿಗಳು.

ಉದ್ದಕ್ಕ ಎಡಗೈ ಎತ್ತಿದಳು. ಬಲಗೈಯಿಂದ ಪ್ಲಾಸ್ಟರು ಕಿತ್ತಳು. ಸೂಜಿ ಜೋತುಬಿತ್ತು. ಕೈಯಲ್ಲಿ ಒಂದು ತೂತೂ ಇರಲಿಲ್ಲ. ಸೂಜಿಯ ತುದಿಯಿಂದ ಬಿಳಿ ಚಾದರದ ಮೇಲೆ ಗುಲಾಬಿ ಬಣ್ಣದ ನೀರು ತೊಟ್ಟಿಕ್ಕಿತು.

"ರಕ್ತ ಹೇಗಿರುತ್ತೆ ಅಂತ... ನನಗೆ ಗೊತ್ತು," ಅಂದಳು. "ನಾನು... ದಿನಾ ಒಗೀತೀನಿ."

ಮಂತ್ರಿಗಳು ನಿರ್ದೇಶಕರನ್ನು ನೋಡಿದರು. ನಿರ್ದೇಶಕರು ಟೆಕ್ನಿಷಿಯನ್ನನನ್ನು ನೋಡಿದರು. ಟೆಕ್ನಿಷಿಯನ್ ನೆಲ ನೋಡಿದ. ನೆಲಕ್ಕೆ ನೋಡಲು ಯಾರೂ ಉಳಿದಿರಲಿಲ್ಲ.

ಮಂತ್ರಿಗಳು ಅನುಭವಸ್ಥರು. ಬೇಗ ಸಾವರಿಸಿಕೊಂಡರು. "ಓಹೋ, ಇವತ್ತಿನದು ಸಾಂಕೇತಿಕ, ಅಲ್ವಾ?"

"ಹೌದು ಸರ್. ಸಾಂಕೇತಿಕ."

ಎಲ್ಲರಿಗೂ ಉಸಿರು ಬಂತು, ಅವಳೊಬ್ಬಳಿಗೆ ಬಿಟ್ಟು. ಮಂತ್ರಿಗಳು ಕೆಳಗೆ ಊಟಕ್ಕೆಂದು ಹೊರಟು ನನ್ನ ಹಿಂದೆಯೇ ಲಿಫ್ಟಿನೊಳಗೆ ಬಂದು ನಿಂತರು. ನಿರ್ದೇಶಕರು ಹಾಸಿಗೆಯ ಹತ್ತಿರ ಬಗ್ಗಿದರು. ಲಿಫ್ಟು ಅಲ್ಲೇ ಎದುರಿಗಿತ್ತು, ಎಲ್ಲ ಕೇಳಿಸುತ್ತಿತ್ತು.

"ಏಳಮ್ಮ. ಆಯ್ತು."

"ಏನಾಯ್ತು?"

"ಕಾರ್ಯಕ್ರಮ."

"ನಂದು ಆಗಿಲ್ಲ."

"ನೀರಿನ ವ್ಯವಸ್ಥೆ ಆಗಬೇಕಮ್ಮ. ಮುಂದಿನ ತಿಂಗಳು ಕರೆಸ್ತೀವಿ."

"ಅಲ್ಲೀವರೆಗೆ... ಇಲ್ಲೇ ಇರ್ತೀನಿ. ಏಳಲ್ಲ."

"ಏಳಮ್ಮ ಅಂದೆ."

"ಏಳಲ್ಲ ಅಂದೆ."

ಚಾದರ ಹಾಸಲೆಂದು ಲಾಂಡ್ರಿಯ ಇಬ್ಬರು ಹೆಂಗಸರನ್ನು ಕರೆಸಿದ್ದರು. ಗೋಡೆಗೆ ಅಂಟಿಕೊಂಡು ನಿಂತಿದ್ದರು. ನಿರ್ದೇಶಕರು ಅವರಿಗೆ ಹೇಳಿದರು, "ಎತ್ತಿ ಆಕೇನ."

ಒಬ್ಬಳು ಸೆರಗು ಸರಿಮಾಡಿಕೊಂಡಳು. "ನಾವು ಗುತ್ತಿಗೆಯವರು ಸಾರ್. ಬಟ್ಟೆ ಎತ್ತೋಕೆ ಮಾತ್ರ ನಮ್ಮನ್ನ ತಗೊಂಡಿರೋದು. ಮನುಷ್ಯರನ್ನ ಎತ್ತೋಕೆ ಗುತ್ತಿಗೆದಾರರನ್ನ ಕೇಳಬೇಕು."

ಇನ್ನೊಬ್ಬಳು, "ನಮ್ಮ ಕೈಗೂ ಇವತ್ತು ರಜೆ," ಅಂದಳು.

ಲಿಫ್ಟಿನಲ್ಲಿ ಮಂತ್ರಿಗಳು ಗಡಿಯಾರ ನೋಡಿದರು. "ನಡಿಯಪ್ಪ, ಕೆಳಗೆ."

ನನ್ನ ಬೆರಳು ಗುಂಡಿಯ ಮೇಲಿತ್ತು. ಅಷ್ಟು ವರ್ಷ ಯಾರು ಏನು ಹೇಳಿದರೂ ಒತ್ತಿದ ಬೆರಳು. ಒತ್ತಲಿಲ್ಲ. ಲಿಫ್ಟಿನ ಕೀಲಿ ತಿರುಗಿಸಿ ಕಿತ್ತು ಜೇಬಿಗೆ ಹಾಕಿಕೊಂಡೆ. ದೀಪ ಆರಿತು. ಫ್ಯಾನು ನಿಂತಿತು. ಬಾಗಿಲು ತೆರೆದೇ ಇತ್ತು.

"ಏನಾಯ್ತು?" ಅಂದರು ಮಂತ್ರಿಗಳು.

"ಲಿಫ್ಟೂ ಸಾಂಕೇತಿಕ ಸ್ವಾಮಿ."

ನಿರ್ದೇಶಕರು ಓಡಿ ಬಂದರು. "ಏಯ್, ತಲೆ ಕೆಟ್ಟಿದೆಯಾ? ಕೀಲಿ ಕೊಡು! ನಿನ್ನ ಕೆಲಸ ಹೋಯ್ತು ಅಂದ್ಕೋ!"

"ಹೋಗಲಿ ಸಾರ್. ಅವಳು ನನ್ನ ಹೆಂಡತಿ. ಅವಳ ರಕ್ತ ಶುದ್ಧ ಆಗೋವರೆಗೆ ಇದು ಕೆಳಗೆ ಹೋಗಲ್ಲ."

ಪತ್ರಿಕೆಯವರು ಹಾಸಿಗೆ ಬಿಟ್ಟು ಲಿಫ್ಟಿನ ಮುಂದೆ ಸೇರಿದರು. ಮೆಟ್ಟಿಲು ಪಕ್ಕದಲ್ಲೇ ಇತ್ತು. ಮಂತ್ರಿಗಳು ಮೆಟ್ಟಿಲು ನೋಡಿದರು, ತಮ್ಮ ಮಂಡಿ ನೋಡಿಕೊಂಡರು.

ಆಗ ಕಿಡ್ನಿ ಡಾಕ್ಟರು ಮುಂದೆ ಬಂದರು. ನಡೆಯುತ್ತಿರಲಿಲ್ಲ. ನಿಂತಿದ್ದರು.

"ಎರಡನೇ ಮಹಡೀಲಿ ಒಂದು ಮಷಿನ್ ಖಾಲಿ ಇದೆ. ಈಗಲೇ ಶುರು ಮಾಡಬಹುದು."

ನಿರ್ದೇಶಕರ ಮುಖ ಕಪ್ಪಿಟ್ಟಿತು. "ಡಾಕ್ಟರೇ, ಅದು ಕಾದಿರಿಸಿರೋದು."

"ಯಾರಿಗೆ?" ಎಂದರು ಮಂತ್ರಿಗಳು.

ಡಾಕ್ಟರೇ ಹೇಳಿದರು. "ತಮ್ಮಂಥವರಿಗೆ ಸರ್. ಗಣ್ಯರಿಗೆ ಏನಾದ್ರೂ ಆದ್ರೆ ಇರಲಿ ಅಂತ. ಇವತ್ತಿನವರೆಗೆ ಅದರ ಹೊದಿಕೆ ತೆಗೆದಿಲ್ಲ."

"ನನಗಾ?" ಮಂತ್ರಿಗಳು ಎರಡೂ ಕೈಯಿಂದ ಸೊಂಟ ಹಿಡಿದುಕೊಂಡರು. "ನನ್ನ ಕಿಡ್ನಿಗೆ ಏನಾಗಿದೆ? ಯಾರಪ್ಪ ಹೇಳಿದ್ದು? ಬರ್ಕೋಬೇಡ್ರೀ ಅದನ್ನ! ಕೊಡಿ, ಆಯಮ್ಮನಿಗೆ ಕೊಡಿ!"

ನಾನು ಜೇಬಿನಿಂದ ಕೀಲಿ ತೆಗೆದು ಹಾಕಿ ತಿರುಗಿಸಿದೆ. ದೀಪ ಹೊತ್ತಿತು. ಉದ್ದಕ್ಕನನ್ನು ಹಾಸಿಗೆಸಮೇತ ತಳ್ಳಿಕೊಂಡು ಬಂದರು. ಈಗ ಆ ಲಾಂಡ್ರಿ ಹೆಂಗಸರ ಕೈಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಾಸಿಗೆ ಒಳಗೆ ಬಂದರೆ ಬೇರೆಯವರಿಗೆ ಜಾಗ ಇಲ್ಲ. ಮಂತ್ರಿಗಳು ಇಳಿಯಬೇಕಾಯಿತು. ಅವರೂ ನಿರ್ದೇಶಕರೂ ಮೆಟ್ಟಿಲು ಹಿಡಿದರು.

ಎರಡನೇ ಮಹಡಿಯಲ್ಲಿ ಹೊದಿಕೆ ತೆಗೆದು ಮಷಿನ್ನು ತೊಳೆದು ಹೊಂದಿಸಿದರು. ತಲೆಯ ಕಡೆ ಹಾಸಿಗೆ ಎತ್ತರಿಸಿ ಅವಳನ್ನು ಕೂರಿಸಿದರು. ಸೂಜಿ ಈ ಸಲ ಒಳಗೆ ಹೋಯಿತು. ಅವಳು ಹಲ್ಲು ಕಚ್ಚಿದಳು. ನಳಿಗೆಯಲ್ಲಿ ಕಡುಗೆಂಪು ಏರಿತು. ಹೆಂಡತಿಯ ರಕ್ತ ಕಂಡು ಸಂತೋಷಪಟ್ಟ ಗಂಡ ನಾನೊಬ್ಬನೇ ಇರಬೇಕು. ಮೊದಲ ಸಲ ಎಂದು ಸ್ವಲ್ಪ ಹೊತ್ತೇ ಓಡಿಸಿದರು. ಮೈಯಿಂದ ನೀರು ಇಳಿಯಿತು. ಉಸಿರು ಮೆಲ್ಲಗಾಯಿತು. ಅವಳು ಅಂಗೈಯಿಂದ ತುಟಿಯ ಬಣ್ಣ ಒರೆಸಿಕೊಂಡು, ಎಷ್ಟೋ ದಿನದ ಮೇಲೆ ಒರಗಿ ನಿದ್ದೆಹೋದಳು. ಗೊರಕೆ ಹೊಡೆದಳು. ಲಾಂಡ್ರಿಯವರು ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡು ಹೋದರು.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಕೆಳಗೆ 'ಮೊದಲ ಫಲಾನುಭವಿಯ ಆನಂದ' ಎಂದು ಬರೆದಿದ್ದರು. ನನ್ನನ್ನು ಕೆಲಸದಿಂದ ತೆಗೆದರು. ಈಗ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತೇನೆ. ಉದ್ದಕ್ಕನನ್ನೂ ತೆಗೆದರು, ರೋಗಿಯಾದವಳು ಕೆಲಸದವಳಾಗಲು ಬರುವುದಿಲ್ಲವಂತೆ. ಆದರೆ ಮಷಿನ್ನಿನಿಂದ ತೆಗೆಯಲು ಅವರಿಗೆ ಧೈರ್ಯವಾಗಲಿಲ್ಲ. ಹೆಬ್ಬಾಗಿಲಲ್ಲಿ ಅಷ್ಟು ದೊಡ್ಡ ಫೋಟೋ ಹಾಕಿದ್ದಾರೆ. ಫೋಟೋದವಳು ಸತ್ತರೆ ಮರ್ಯಾದೆ ಹೋಗುತ್ತದೆ. ವಾರಕ್ಕೆ ಮೂರು ಸಲ ಅವಳನ್ನು ಬದುಕಿಸುವುದು ಅವರಿಗೆ ಅನಿವಾರ್ಯವಾಗಿದೆ. ನಾಲ್ಕನೇ ಮಹಡಿಗೆ ನೀರು ಇನ್ನೂ ಬಂದಿಲ್ಲ. ರಿಬ್ಬನ್ನಿನ ತುಂಡು ಬಾಗಿಲಲ್ಲೇ ನೇತಾಡುತ್ತಿದೆ ಎಂದು ಲಾಂಡ್ರಿಯವರು ಹೇಳುತ್ತಾರೆ.

ಮೊನ್ನೆ ಅವಳ ಜೊತೆ ಹೋಗಿದ್ದೆ. ಎಡಗೈಯಲ್ಲಿ ಸೂಜಿ ಚುಚ್ಚಿಸಿಕೊಂಡು ಒರಗಿದ್ದಳು. ಬಾಗಿಲಲ್ಲಿ ಕ್ಯಾಂಟೀನಿನ ಪಾತ್ರೆ ತೊಳೆಯುವ ಮುದುಕ ನಿಂತಿದ್ದ. ಅವನೂ ಗುತ್ತಿಗೆಯವನೇ. ಪಾದ ಊದಿ ಹೊಳೆಯುತ್ತಿತ್ತು. ಅವನ ಕೈಯೂ ಹೊಲಿದು ತಯಾರಾಗಿತ್ತು. ಇನ್ನೊಂದು ತಿಂಗಳು ಬಿಟ್ಟು ಬಾ ಎಂದಿದ್ದರಂತೆ.

"ಬನ್ನಿ ಮಾವ, ಕೂತ್ಕೊಳ್ಳಿ," ಅಂದಳು ಉದ್ದಕ್ಕ. ಟೆಕ್ನಿಷಿಯನ್ನನನ್ನು ಕರೆದಳು. "ನಂದು ಆದ ಮೇಲೆ ಇವರನ್ನ ಮಲಗಿಸಪ್ಪ."

"ಅಕ್ಕ, ಅವರಿಗೆ ಮೇಲಿಂದ ಅಪ್ಪಣೆ ಬಂದಿಲ್ಲ."

"ಬರದಿದ್ರೆ ಬೇಡ. ನನಗೇನೂ ಅರ್ಜೆಂಟಿಲ್ಲ. ನಾನು ಏಳಲ್ಲ."

ಅವನು ಅವಳ ಮುಖ ನೋಡಿದ. ಬಾಗಿಲಲ್ಲಿ ಸರದಿಗೆ ಕಾಯುತ್ತಿದ್ದವರನ್ನು ನೋಡಿದ. ಅವರಲ್ಲಿ ಒಬ್ಬ ಚೀಲ ಕೆಳಗಿಟ್ಟು, "ನನ್ನದು ಆಮೇಲಾದ್ರೂ ನಡಿಯುತ್ತೆ," ಅಂದ. ಹಾಸಿಗೆಯ ಪಕ್ಕ ಕೂತಿದ್ದ ಮುದುಕ ಹೆದರಿ ಹೊರಡಲು ಎದ್ದ. ಉದ್ದಕ್ಕ ಬಲಗೈ ಚಾಚಿ ಅವನ ಅಂಗಿಯ ತುದಿ ಹಿಡಿದಳು. ಒದ್ದೆ ಚಾದರ ಎಳೆದ ಕೈ. ಅವನು ಮತ್ತೆ ಕೂತ.

ಟೆಕ್ನಿಷಿಯನ್ ಬೀರು ತೆಗೆದು ಹೊಸ ಸೂಜಿಯ ಪೊಟ್ಟಣ ಹುಡುಕತೊಡಗಿದ.